ಬಣ್ಣದ ಕೆಳಗಿನ ಗುಳಿಗಳು

ಇದು ಬರೀ ಮೇಲಿನ ಕಲೆಯೋ, ಒಳಗಿನವರೆಗೂ ಹೋದ ಹುಳುಕೋ? ಕಲೆಯಾದರೆ ತೊಂದರೆಯಿಲ್ಲ. ಹುಳುಕಾದರೆ ಕಾರು ಓಡಿಸುವ ಪ್ರಖ್ಯಾತನ ಕಾಲಿನ ಪ್ರಶ್ನೆ. ಆದರೆ ಕಲೆ ಎಲ್ಲಿ ಮುಗಿದು ಹುಳುಕು ಎಲ್ಲಿ ಸುರುವಾಗುತ್ತದೆ ಎಂದು ಹೇಳುವುದು ಹೇಗೆ? ಸುದರ್ಶನ ಉಗುರಿನಿಂದ ಗೀರಿ ನೋಡಿದ. ಒಂದು ಗುಳಿಯಲ್ಲಿ ಉಗುರು ಸಿಕ್ಕಿಕೊಂಡಿತು, ಪಕ್ಕದ್ದರಲ್ಲಿ ಜಾರಿಹೋಯಿತು. ಅದರಿಂದ ಅವನಿಗೆ ಏನೂ ತಿಳಿಯಲಿಲ್ಲ.

ಕಡಬದಲ್ಲಿ ಫಾರಿಸ್‌ನ ಗ್ಯಾರೇಜಿನ ಬೆಂಚಿನ ಮೇಲೆ ಇದ್ದದ್ದು ಹಳೆಯ ಫಿಯೆಟ್ಟಿನ ಬೆಲ್ ಹೌಸಿಂಗ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಅಡ್ಡ ಮಲಗಿಸಿದ ಗಂಟೆಯಂಥ ಅಲ್ಯೂಮಿನಿಯಂ ಕವಚ. ಅದರೊಳಗೆ ಫ್ಲೈವೀಲ್ ಎಂಬ ಭಾರವಾದ ಚಕ್ರವೂ ಕ್ಲಚ್ಚೂ ತಿರುಗುತ್ತವೆ. ಸಾಮಾನ್ಯ ಓಡಾಟದಲ್ಲಿ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಪ್ರಖ್ಯಾತನ ಫಿಯೆಟ್ ಈಗ ಸಾಮಾನ್ಯ ಫಿಯೆಟ್ ಆಗಿರಲಿಲ್ಲ. ಎರಡು ಕಾರ್ಬ್ಯುರೇಟರ್ ಕೂರಿಸಿ, ಫ್ಲೈವೀಲನ್ನು ಕಡೆದು ಹಗುರ ಮಾಡಿ, ಕಾರ್ಖಾನೆಯವರು ಊಹಿಸದಷ್ಟು ವೇಗದಲ್ಲಿ ಎಂಜಿನ್ ತಿರುಗುವ ಹಾಗೆ ಮಾಡಿದ್ದರು. ಆ ವೇಗದಲ್ಲಿ ಫ್ಲೈವೀಲ್ ಒಡೆದರೆ ತುಂಡುಗಳು ಕೊಡಲಿಯ ಹಾಗೆ ಹಾರುತ್ತವೆ. ತಡೆಯಲಿಕ್ಕೆ ಇರುವುದು ಈ ಕವಚ ಒಂದೇ. ಅದರ ಪಕ್ಕದಲ್ಲೇ ಓಡಿಸುವವನ ಕಾಲು.

ಕಾರಿನಲ್ಲಿದ್ದ ಹೌಸಿಂಗ್ ಕಳೆದ ವರ್ಷ ಗದ್ದೆಯ ಹುಣಿಗೆ, ಅಂದರೆ ಮಣ್ಣಿನ ಬದುವಿಗೆ, ಬಡಿದು ಸೀಳಿಹೋಗಿತ್ತು. ಸುಳ್ಯದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಈ ವರ್ಷದ ಆಟೋಕ್ರಾಸ್ ಕಾರು ರೇಸ್ ಮುಂದಿನ ವಾರ ಇತ್ತು. ಬದಲಿ ಹಾಕಲು ಎರಡು ದಾರಿ. ಒಂದು, ಪ್ರಖ್ಯಾತನ ಅಪ್ಪ ತ್ಯಾಂಪಣ್ಣ ಎಷ್ಟೋ ವರ್ಷದ ಹಿಂದೆ ಮಂಗಳೂರಿನಿಂದ ತಂದಿಟ್ಟಿದ್ದ ಈ ಅಲ್ಯೂಮಿನಿಯಂ ಹೌಸಿಂಗ್. ಇನ್ನೊಂದು, ಫಾರಿಸ್ ದಪ್ಪ ಉಕ್ಕಿನ ತಗಡು ಬಗ್ಗಿಸಿ ಬೆಸುಗೆ ಹಾಕಿ ಮಾಡಿದ್ದು. ಅದು ಗಟ್ಟಿ, ಆದರೆ ಗಾತ್ರ ದೊಡ್ಡದು. ಅದನ್ನು ಕೂರಿಸಬೇಕಾದರೆ ಕಾರಿನ ನೆಲವನ್ನು ಕತ್ತರಿಸಬೇಕು.

ಆ ನೆಲ ತ್ಯಾಂಪಣ್ಣನ ಹೆಮ್ಮೆ. ನಮ್ಮ ಕಡೆಯ ಮಳೆಗೆ ಹಳೆಯ ಕಾರುಗಳ ನೆಲ ಮೊದಲು ಹೋಗುತ್ತದೆ. ತ್ಯಾಂಪಣ್ಣನಿಂದ ಮಗನಿಗೆ ಬಂದ ಈ ಫಿಯೆಟ್ಟಿನ ನೆಲದಲ್ಲಿ ಒಂದು ತೂತಿಲ್ಲ. ಪ್ರತಿ ಮೇ ತಿಂಗಳಲ್ಲಿ ಅವರೇ ಕೆಳಗೆ ಮಲಗಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಪಂಜದ ಅವರ ಮನೆಗೆ ಯಾರು ಹೋದರೂ ಬೆಲ್ಲ ನೀರು ಕೊಟ್ಟ ಮೇಲೆ ಅಂಗಳಕ್ಕೆ ಕರೆದು, ಕಾರಿನ ಬಾಗಿಲು ತೆಗೆದು, ಮ್ಯಾಟ್ ಎತ್ತಿ ತೋರಿಸುವುದು ರೂಢಿ. ಮದುವೆಯ ಕಾಗದ ಕೊಡಲು ಬಂದವರೂ ಬಗ್ಗಿ ನೋಡಲೇಬೇಕು. ಅವರ ಹೆಂಡತಿ ಅಮ್ಮು ಇದಕ್ಕೆ 'ನೆಲ ಪೂಜೆ' ಎಂದು ಹೆಸರಿಟ್ಟಿದ್ದರು.

ಯಾವುದನ್ನು ಹಾಕಬೇಕು ಎಂದು ಹೇಳುವ ಕೆಲಸ ಸುದರ್ಶನನ ಮೇಲೆ ಬಿದ್ದಿತ್ತು. ಬೆಟ್ಟಂಪಾಡಿಯ ಅವನು ಪುತ್ತೂರಿನಲ್ಲಿ ಪ್ರಖ್ಯಾತನ ಜೊತೆಗೇ ಓದಿದವ. ಪ್ರಖ್ಯಾತ ನಡುವೆ ಬಿಟ್ಟ, ಸುದರ್ಶನ ಫಿಸಿಕ್ಸ್‌ನಲ್ಲಿ ಪದವಿ ಮುಗಿಸಿದ. ಹಾಗಾಗಿ ಆಟೋಕ್ರಾಸ್‌ನ ನಿಯಮಗಳನ್ನು ಓದುವುದು, ಲೆಕ್ಕ ಹಾಕುವುದು, ಸಂದೇಹ ಪಡುವುದು ಎಲ್ಲ ಅವನದೇ. ಅವನು ಹೆಚ್ಚು ಮಾತಾಡುವುದಿಲ್ಲವಾದ್ದರಿಂದ ಅವನಿಗೆ ಬಹಳ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದರು.

ಅಲ್ಯೂಮಿನಿಯಂ ಹೌಸಿಂಗಿಗೆ ತ್ಯಾಂಪಣ್ಣ ವರ್ಷವರ್ಷ ಬೆಳ್ಳಿ ಬಣ್ಣ ಹೊಡೆಸಿದ್ದರು. ಬೆಳಿಗ್ಗೆ ಫಾರಿಸ್ ಆ ಬಣ್ಣ ತೊಳೆದಾಗ ಕೆಳಗೆ ಗುಳಿಗಳು ಕಂಡವು, ಸಿಡುಬು ಬಂದು ಹೋದ ಮುಖದ ಹಾಗೆ. ಫಾರಿಸ್ ಸುತ್ತಿಗೆಯಿಂದ ಮೆಲ್ಲ ತಟ್ಟಿದ. ಸ್ವರ ಚೆನ್ನಾಗಿಯೇ ಇತ್ತು. ಬಿರುಕು ಹುಡುಕುವ ಕೆಂಪು ದ್ರವ ಹಾಕಿ, ಒರೆಸಿ, ಮೇಲಿಂದ ಬಿಳಿ ಪುಡಿ ಸಿಂಪಡಿಸಿದ. ಬಿರುಕಿದ್ದರೆ ಬಿಳಿಯಲ್ಲಿ ಕೆಂಪು ಗೆರೆ ಮೂಡಬೇಕು. ಗೆರೆ ಮೂಡಲಿಲ್ಲ. ಎಲ್ಲ ಕಡೆ ಕೆಂಪು ಚುಕ್ಕೆಗಳು ಮೂಡಿದವು.

"ಇದು ಎಂತ ಹೇಳುದು?" ಎಂದು ಪ್ರಖ್ಯಾತ ಕೇಳಿದ.

"ಉಂಟು ಅಂತಲೂ ಹೇಳುದಿಲ್ಲ, ಇಲ್ಲ ಅಂತಲೂ ಹೇಳುದಿಲ್ಲ," ಎಂದ ಫಾರಿಸ್. "ನಿನ್ನ ದೋಸ್ತಿಯ ಹಾಗೆ."

ಪ್ರಖ್ಯಾತ ಸುದರ್ಶನನ ಕಡೆ ನೋಡಿ ನಕ್ಕ. ಸುದರ್ಶನ ಉಕ್ಕಿನದನ್ನು ತಿರುಗಿಸಿ ನೋಡಿದ. ಅದೂ ಪೂರ್ತಿ ನಂಬುವಂಥದ್ದಲ್ಲ. ಬೆಸುಗೆಯ ಬಿಸಿಗೆ ಕೂದಲೆಳೆಯಷ್ಟು ಸೊಟ್ಟಗಾಗಿದ್ದರೂ ಗೇರ್‌ಬಾಕ್ಸಿನ ಶಾಫ್ಟ್ ನಡುವಿಗೆ ಕೂರುವುದಿಲ್ಲ, ಆಗ ಕ್ಲಚ್ಚೇ ಒಡೆಯಬಹುದು. ಕ್ವಾರಿಯ ಜೀಪಿಗೆ ಮಾಡಿಕೊಟ್ಟಿದ್ದೇನೆ, ಫಿಯೆಟ್ಟಿಗೆ ಇದು ಮೊದಲು ಎಂದು ಫಾರಿಸ್ ತಾನಾಗಿಯೇ ಹೇಳಿದ್ದ. ಗಟ್ಟಿಯಾದದ್ದು ಸೊಟ್ಟಗಿರಬಹುದು, ನೇರವಾದದ್ದು ಟೊಳ್ಳಾಗಿರಬಹುದು. ಇದರಲ್ಲಿ ಸುರಕ್ಷಿತ ಯಾವುದು? ಅವನು ಓದಿದ್ದರಲ್ಲಿ ಎಲ್ಲಿಯೂ ಇದಕ್ಕೆ ಉತ್ತರ ಇರಲಿಲ್ಲ.

ಮಧ್ಯಾಹ್ನ ತ್ಯಾಂಪಣ್ಣ ಬಂದರು. ಫಾರಿಸನೂ ಪ್ರಖ್ಯಾತನೂ ಕಾರಿನ ಅಡಿಯಲ್ಲಿ ಗೇರ್‌ಬಾಕ್ಸ್ ಇಳಿಸುತ್ತಿದ್ದರು. ತ್ಯಾಂಪಣ್ಣ ಬೆಂಚಿನ ಬಳಿ ನಿಂತು, ಮಗುವಿನ ಬೆನ್ನು ಸವರುವಂತೆ ಹೌಸಿಂಗನ್ನು ಸವರಿದರು. ಈ ಚುಕ್ಕೆ ಎಂತದ್ದು ಎಂದು ಕೇಳಿದರು. ಪುಡಿ ಹಾಕಿದ್ದು ಎಂದ ಸುದರ್ಶನ. ಅದು ಸುಳ್ಳಾಗಿರಲಿಲ್ಲ.

ಆಮೇಲೆ ಅವರು ಇದನ್ನು ಕಾಪಾಡಿದ್ದು ಹೇಗೆ ಎಂದು ಹೇಳತೊಡಗಿದರು. ಗುಜರಿಯವರ ಕಣ್ಣಿಗೆ ಬಿದ್ದರೆ ಅಮ್ಮು ಮಾರಿಬಿಡುತ್ತಾಳೆಂದು ಹೆದರಿ ಅವರು ಒಂದು ಉಪಾಯ ಮಾಡಿದ್ದರಂತೆ.

"ಮದ್ದಿನ ಕೊಟ್ಟಿಗೆಯಲ್ಲಿ ಕವುಚಿ ಹಾಕಿ ಅದರ ಮೇಲೆ ಮೈಲುತುತ್ತಿನ ಡ್ರಮ್ ಇಟ್ಟೆ. ಅದರಷ್ಟು ಒಳ್ಳೆ ಸ್ಟ್ಯಾಂಡ್ ಬೇರೆ ಇಲ್ಲ ಮಾರಾಯ. ಡ್ರಮ್ಮೂ ಅಲ್ಲಾಡುದಿಲ್ಲ, ಇದನ್ನು ಯಾರೂ ಕದಿಯುದಿಲ್ಲ."

ಸುದರ್ಶನ ಹೌಸಿಂಗಿನ ಗುಳಿಗಳನ್ನು ಮತ್ತೊಮ್ಮೆ ನೋಡಿದ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಊರಿನಲ್ಲಿ ಮೈಲುತುತ್ತು ಲೋಹವನ್ನು ತಿನ್ನುತ್ತದೆ, ಅದನ್ನು ಲೋಹದ ಪಾತ್ರೆಯಲ್ಲಿ ಕರಗಿಸಬಾರದೆಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ತ್ಯಾಂಪಣ್ಣನ ಮನೆಯಲ್ಲೂ ಪ್ಲಾಸ್ಟಿಕ್ ಡ್ರಮ್ಮೇ. ಆ ಜಾಗ್ರತೆ ಡ್ರಮ್ಮಿನ ಒಳಗೆ ಮಾತ್ರ ಇತ್ತು. ಕಲಕುವಾಗ ಚೆಲ್ಲಿದ ನೀಲಿ ನೀರು ಮಳೆಗಾಲದುದ್ದಕ್ಕೂ ಎಲ್ಲಿಗೆ ಇಳಿಯುತ್ತದೆ ಎಂದು ಯಾರೂ ನೋಡಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಬೆಳ್ಳಿ ಬಣ್ಣ ಬಳಿದರು, ಅಷ್ಟೆ.

ಎಷ್ಟು ಇಳಿದಿರಬಹುದು? ಒಂದು ಹನಿಯೋ, ಒಂದು ಚೊಂಬೋ? ಅಥವಾ ಈ ಗುಳಿಗಳು ಅಚ್ಚಿನಲ್ಲಿ ಎರೆಯುವಾಗಲೇ ಇದ್ದವೋ? ಅದೂ ಆಗಿರಬಹುದು. ಗೊತ್ತಾದ ಮೇಲೆ ಗೊಂದಲ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಇದೇ ಹಾಕುದಲ್ವಾ ಎಂದು ಕೇಳಿ ತ್ಯಾಂಪಣ್ಣ ಉತ್ತರಕ್ಕೆ ಕಾಯುತ್ತಿದ್ದರು. ಕಾರಿನ ಅಡಿಯಿಂದ ಪ್ರಖ್ಯಾತನ ಎರಡು ಕಾಲುಗಳು ಹೊರಗೆ ಚಾಚಿದ್ದವು. ಒಂದರಲ್ಲಿ ಚಪ್ಪಲಿ ಇರಲಿಲ್ಲ.

"ಉಕ್ಕಿನದ್ದೇ ಹಾಕುದು," ಎಂದ ಸುದರ್ಶನ. "ಈ ವರ್ಷ ರೂಲ್ಸ್ ಹಾಗೆ ಉಂಟು."

ಅಂಥ ನಿಯಮ ಇರಲಿಲ್ಲ. ಆದರೆ ನಿಯಮಗಳನ್ನು ಓದಿದವನು ಅವನೊಬ್ಬನೇ.

ತ್ಯಾಂಪಣ್ಣ ಅವನ ಮುಖವನ್ನೇ ನೋಡಿದರು. "ನೆಲ ಕತ್ತರಿಸ್ಬೇಕಾ ಹಾಗಾದ್ರೆ?"

"ಹೂಂ."

"ರೂಲ್ಸ್ ಮಾಡುವವರ ಹತ್ತಿರ ಹಳೆ ಕಾರು ಉಂಟಾ?"

ಸುದರ್ಶನ ಗೊತ್ತಿಲ್ಲ ಎಂದ. ತ್ಯಾಂಪಣ್ಣ ಕಾರಿನ ಬಾಗಿಲು ತೆಗೆದು ಮ್ಯಾಟನ್ನು ತಾವೇ ಎತ್ತಿ ಸುರುಳಿ ಸುತ್ತಿದರು. ಕಟರ್‌ನ ಶಬ್ದ ಸುರುವಾದಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿ ಹೋಟೆಲಿನ ಎದುರು, ಇತ್ತ ಬೆನ್ನು ಮಾಡಿ ನಿಂತರು. ಒಳಗೆ ಹೋಗಿ ಕೂರಲಿಲ್ಲ.

ಉಕ್ಕಿನ ಹೌಸಿಂಗನ್ನು ಫಾರಿಸ್ ಸೊಟ್ಟ ಅಳೆಯುವ ಗೇಜ್ ಇಟ್ಟು ಎರಡು ಸಲ ಬಿಚ್ಚಿ ಕೂರಿಸಿದ. ಆಟೋಕ್ರಾಸ್ ದಿನ ಸುದರ್ಶನ ಗದ್ದೆಯ ಅಂಚಿನಲ್ಲಿ ನಿಂತು ಎಂಜಿನ್ ಕಿರುಚುವುದನ್ನು ಕೇಳಿದ. ಏನೂ ಒಡೆಯಲಿಲ್ಲ. ಪ್ರಖ್ಯಾತನಿಗೆ ನಾಲ್ಕನೆಯ ಸ್ಥಾನ ಬಂತು. ಒಡೆಯದೆ ಇದ್ದದ್ದರಿಂದ ಯಾವುದೂ ಸಾಬೀತಾಗಲಿಲ್ಲ. ಅಲ್ಯೂಮಿನಿಯಂ ಹಾಕಿದ್ದರೂ ಒಡೆಯುತ್ತಿರಲಿಲ್ಲವೇನೋ. ಆಗ ನೆಲ ಉಳಿಯುತ್ತಿತ್ತು.

ಮುಂದಿನ ಭಾನುವಾರ ಅವನು ಪಂಜಕ್ಕೆ ಹೋದ. ಪುತ್ತೂರಿನ ಕಡೆಯ ಯಾರೋ ನೆಂಟರು ಬಂದಿದ್ದರು. ತ್ಯಾಂಪಣ್ಣ ಅವರಿಗೆ ಬೆಲ್ಲ ನೀರು ಕೊಟ್ಟರು, ಅಡಿಕೆಯ ಧಾರಣೆ ಮಾತಾಡಿದರು, ಅಂಗಳಕ್ಕೆ ಕರೆಯಲಿಲ್ಲ. ಅಮ್ಮು ಇವತ್ತು ಪೂಜೆ ಇಲ್ಲವಾ ಎಂದು ತಮಾಷೆಗೆ ಕೇಳಿ, ಗಂಡನ ಮುಖ ನೋಡಿ ಒಳಗೆ ಹೋದರು.

ನೆಂಟರು ಹೋದ ಮೇಲೆ ತ್ಯಾಂಪಣ್ಣ ಆ ಹೌಸಿಂಗ್ ಹೊತ್ತು ತಂದರು. ಅದಕ್ಕೆ ಮತ್ತೆ ಬೆಳ್ಳಿ ಬಣ್ಣ ಹೊಡೆದಾಗಿತ್ತು. ಗುಳಿಗಳು ಕಾಣುತ್ತಿರಲಿಲ್ಲ.

"ಬರುವ ವರ್ಷ ರೂಲ್ಸ್ ಬದಲಾದ್ರೆ ಇದೇ ಹಾಕುವ, ಅಲ್ವಾ?"

ಪ್ರಖ್ಯಾತ ಜಗಲಿಯಲ್ಲಿ ಫೋನ್ ನೋಡುತ್ತ ಹಾಕುವ ಹಾಕುವ ಎಂದ. ಸುದರ್ಶನ ಇದನ್ನು ನನಗೆ ಕೊಡಿ ಎಂದ. ಯಾಕೆ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಇಡಲಿಕ್ಕೆ ಎಂದ. ತ್ಯಾಂಪಣ್ಣನ ಮುಖ ಅರಳಿತು. ಹಳೆಯ ವಸ್ತುವಿನ ಬೆಲೆ ಗೊತ್ತಿರುವವರು ಈಗ ಕಡಿಮೆ ಎಂದು ಮಗನಿಗೆ ಕೇಳುವಂತೆ ಹೇಳಿ, ತಾವೇ ಅದನ್ನು ಗೋಣಿಯಲ್ಲಿ ಸುತ್ತಿ ಅವನ ಸ್ಕೂಟರಿಗೆ ಕಟ್ಟಿಕೊಟ್ಟರು. ಜಾಗ್ರತೆಯಿಂದ ಇಡು, ಇಷ್ಟು ವರ್ಷ ನಾನು ಕಾಪಾಡಿದ್ದು ಎಂದರು.

ಅದನ್ನು ಹಾಳು ಮಾಡಿದ್ದು ಅವರ ಆ ಜಾಗ್ರತೆಯೇ ಇರಬಹುದೆಂದು ಸುದರ್ಶನ ತ್ಯಾಂಪಣ್ಣನಿಗೆ ಎಂದೂ ಹೇಳಲಿಲ್ಲ.