ಟೇಲರಣ್ಣನ ಬಟ್ಟೆ ಬೇಲಿ

ಮಳೆ ಬಂದ ಮಾರನೆಯ ಬೆಳಿಗ್ಗೆ ಟೇಲರಣ್ಣನ ತಂಗಿ ಒಂದು ಬಕೆಟ್ ಕೆಸರು ನೀರು ಹೊತ್ತು ತಂದು, ಅಣ್ಣನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಪಕ್ಕಕ್ಕೆ ಕುಕ್ಕಿದಳು. ನೀರು ತುಳುಕಿ ಚೆಲ್ಲಿತು. ಟೇಲರಣ್ಣ ಮೊದಲು ನೋಡಿದ್ದು ನೆಲವನ್ನು.

"ಅಯ್ಯೋ, ಈಗಷ್ಟೇ ಒರೆಸಿದ್ದೆ ಕಣೇ!"

"ನೆಲ ಆಮೇಲೆ ನೋಡುವೆಯಂತೆ. ಬಕೆಟ್ ಒಳಗೆ ನೋಡು."

ಬಗ್ಗಿ ನೋಡಿದ. ಕಂದು ನೀರಿನ ಮೇಲೆ ಉಗುರುದ್ದದ ಮೀನಿನ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಣಿಸುವ ಹಾಗಿರಲಿಲ್ಲ.

"ಮೂರು ತೊಟ್ಟಿ ಹೋಯ್ತು ಅಣ್ಣ," ಎಂದಳು ತಂಗಿ. ಅತ್ತು ಮುಗಿಸಿಕೊಂಡೇ ಬಂದಿದ್ದಳು, ದನಿ ಒಣಗಿತ್ತು. "ನಿನ್ನ ಕೆರೆ ಮಣ್ಣು ಹಳ್ಳಕ್ಕೆ ಇಳಿದು ನನ್ನ ಮರಿಗಳ ಉಸಿರು ಕಟ್ಟಿಸಿಬಿಡ್ತು."

ಕೆರೆ ಎಂದರೆ ಭಾರೀ ಕೆರೆಯೇನಲ್ಲ, ಮುಕ್ಕಾಲು ಎಕರೆಯದು. ಅಪ್ಪ ಹೋಗುವಾಗ ದಿಬ್ಬದ ಮೇಲಿನ ಕೆರೆ ಮಗನಿಗೆ, ಕೆಳಗೆ ಹಳ್ಳದ ದಂಡೆಯ ಜಾಗ ಮಗಳಿಗೆ ಎಂದು ಹೇಳಿ ಹೋಗಿದ್ದ. ಮಗಳು ಅಲ್ಲಿ ಎಂಟು ವರ್ಷ ಬೆವರು ಸುರಿಸಿ ನಾಲ್ಕು ಸಿಮೆಂಟ್ ತೊಟ್ಟಿ ಕಟ್ಟಿಸಿ, ಹಳ್ಳದ ನೀರು ಹಾಯಿಸಿ ಮೀನು ಮರಿ ಸಾಕುತ್ತಿದ್ದಳು. ಮಗನ ಕೆರೆಯಲ್ಲಿ ಮಾತ್ರ ಹೂಳು ತುಂಬಿ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಈ ಸಲ ಮಳೆಗಾಲಕ್ಕೆ ಮುಂಚೆ ಯಂತ್ರ ತರಿಸಿ ಒಂಬತ್ತು ದಿನ ಹೂಳೆತ್ತಿಸಿದ್ದ. ತೆಗೆದ ಮಣ್ಣನ್ನು ಕೆರೆಗೂ ಹಳ್ಳಕ್ಕೂ ನಡುವಿನ ದಂಡೆಯ ಮೇಲೆ ಉದ್ದಕ್ಕೆ ರಾಶಿ ಹಾಕಿಸಿದ್ದ.

ಅಲ್ಲಿಗೇ ಬಿಟ್ಟಿದ್ದರೆ ಅಷ್ಟು ಅನಾಹುತ ಆಗುತ್ತಿರಲಿಲ್ಲವೇನೋ. ಆದರೆ ಟೇಲರಣ್ಣ ಅಚ್ಚುಕಟ್ಟಿನ ಮನುಷ್ಯ. ಅಂಗಿಯ ಕಾಲರಿನಲ್ಲಿ ಸುಕ್ಕು ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಮಣ್ಣಿನ ರಾಶಿಯನ್ನು ಯಂತ್ರದ ಬಕೆಟ್ಟಿನಿಂದ ಒತ್ತಿಸಿ, ಇಸ್ತ್ರಿ ಹಾಕಿದಂತೆ ನುಣ್ಣಗೆ ಮಾಡಿಸಿದ್ದ. ದಂಡೆಯ ಹುಲ್ಲು, ಮುಳ್ಳುಗಿಡ ಎಲ್ಲ ಕಸ ಎಂದು ಬೇರುಸಮೇತ ಕೀಳಿಸಿದ್ದ. ಬಂದವರಿಗೆಲ್ಲ ಕರೆದು ತೋರಿಸಿ, "ಒಂದು ಸುಕ್ಕು ತೋರಿಸಿ ನೋಡೋಣ!" ಎಂದು ಬೀಗಿದ್ದೂ ಬೀಗಿದ್ದೇ.

ಈಗ ತಂಗಿ ಎದುರಿಗೆ ನಿಂತಿದ್ದಳು. ಅವನಿಗೆ ಸಂಕಟವಾಗದೆ ಇರಲಿಲ್ಲ. ಆದರೆ ತಪ್ಪು ತನ್ನದು ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಾಗೋದು ಇದೇ ಮೊದಲಾ? ಮಣ್ಣು ತಾನೇ, ವಿಷ ಅಲ್ಲವಲ್ಲ."

"ಎಂಟು ವರ್ಷ ಮಳೆ ಬಂದಿದೆ ಅಣ್ಣ. ಒಂದು ತೊಟ್ಟಿಯೂ ಹೀಗೆ ಹೋಗಿರಲಿಲ್ಲ." ಅವಳು ಬಕೆಟ್ ಎತ್ತಿಕೊಂಡಳು. "ನಾಲ್ಕನೇ ತೊಟ್ಟಿಯಲ್ಲಿ ತಾಯಿ ಮೀನುಗಳಿವೆ. ಇಪ್ಪತ್ತೆರಡು. ದೊಡ್ಡವು ಅಂತ ಈ ಸಲ ಹೇಗೋ ತಡ್ಕೊಂಡಿವೆ, ಕಿವಿರು ಊದಿದೆ. ಹಳ್ಳದ ನೀರು ಒಳಗೆ ಬರದ ಹಾಗೆ ತೊಟ್ಟಿಯ ಗೇಟು ಆರು ಗಂಟೆ ಮುಚ್ಚಿಡಬಹುದು. ಅದಕ್ಕಿಂತ ಜಾಸ್ತಿ ಮುಚ್ಚಿದ್ರೆ ಉಸಿರಿಲ್ಲದೆ ಸಾಯ್ತವೆ. ನಿನ್ನೆ ನೀರು ಕೆಸರಾಗಿದ್ದು ಇವತ್ತೂ ತಿಳಿಯಾಗಿಲ್ಲ. ಮುಂದಿನ ಮಳೆಗೆ ಅವೂ ಹೋದ್ರೆ ಮೊದಲಿಂದ ಶುರು ಮಾಡೋ ಶಕ್ತಿ ನನಗಿಲ್ಲ."

ಅವಳು ಹೋದ ಮೇಲೆ ಟೇಲರಣ್ಣನ ಹೆಂಡತಿ ಒಳಗಿನಿಂದ ಬಂದು ನೆಲ ಒರೆಸತೊಡಗಿದಳು. ಒರೆಸುವ ರಭಸ ನೋಡಿದರೇ ಗೊತ್ತಾಗುತ್ತಿತ್ತು, ಅವಳು ಯಾರ ಕಡೆ ಎಂದು.

"ನೀನೂ ಏನಾದ್ರೂ ಹೇಳಿಬಿಡು," ಎಂದ ಟೇಲರಣ್ಣ.

"ನಾನೇನು ಹೇಳಲಿ? ಹುಲ್ಲು ಇರಲಿ ರೀ ಅಂತ ಹೇಳಿದ್ದೆ. ಕಿವಿ ಮೇಲೆ ಹಾಕ್ಕೊಂಡ್ರಾ?"

ಮಧ್ಯಾಹ್ನ ಬಾಟಲಿ ಮೇಡಂ ಬಂದರು. ಅವರು ಜಲ ಇಲಾಖೆಯ ಕ್ಷೇತ್ರ ಸಿಬ್ಬಂದಿ. ಹಳ್ಳಕೊಳ್ಳಗಳ ನೀರು ಪರೀಕ್ಷೆ ಮಾಡುವುದು ಅವರ ಕೆಲಸ. ಹೋದಲ್ಲೆಲ್ಲ ಗಾಜಿನ ಬಾಟಲಿ ಹಿಡಿದಿರುತ್ತಾರಾದ್ದರಿಂದ ಆ ಹೆಸರು, ಅವರೂ ಕರೆದರೆ ಓಗೊಡುತ್ತಾರೆ. ತಂಗಿಯೇ ಫೋನ್ ಮಾಡಿ ಕರೆಸಿದ್ದಳು. ದಂಡ ಹಾಕಲಿಕ್ಕೇ ಬಂದರೆಂದುಕೊಂಡ ಟೇಲರಣ್ಣ.

ಮೇಡಂ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಇದು ನಿಮ್ಮ ಕೆರೆಗಿಂತ ಮೇಲೆ ತುಂಬಿದ ಹಳ್ಳದ ನೀರು. ಇದು ನಿಮ್ಮ ಮಣ್ಣಿನ ರಾಶಿ ದಾಟಿದ ಮೇಲಿನದು."

ಒಂದರ ಆಚೆಗೆ ಗೋಡೆಯ ಗಡಿಯಾರ ಕಾಣುತ್ತಿತ್ತು. ಇನ್ನೊಂದರ ಆಚೆಗೆ ಏನೂ ಕಾಣುತ್ತಿರಲಿಲ್ಲ.

"ಸ್ವಲ್ಪ ಹೊತ್ತು ಬಿಟ್ರೆ ತಳಕ್ಕೆ ಕೂರುತ್ತೆ ಬಿಡಿ," ಎಂದ ಟೇಲರಣ್ಣ.

"ಕೂರಲಿ, ಕಾಯೋಣ. ಟೀ ಕೊಡಿಸ್ತೀರಾ?"

ಟೀ ಕುಡಿದದ್ದಾಯಿತು. ಟೇಲರಣ್ಣ ಒಂದು ಪ್ಯಾಂಟಿನ ಜಿಪ್ ಕೂರಿಸಿದ್ದೂ ಆಯಿತು. ಬಾಟಲಿಯ ತಳದಲ್ಲಿ ಒಂದಿಷ್ಟು ಮರಳು ಕೂತಿತ್ತು, ಮೇಲಿನ ನೀರು ಮಾತ್ರ ಹಾಗೇ ಕಂದು.

"ಕೆರೆ ಹೂಳು ಹಿಟ್ಟಿನಷ್ಟು ನುಣುಪು," ಎಂದರು ಮೇಡಂ. "ಒಂದು ಸಲ ಹರಿಯೋ ನೀರಿಗೆ ಸೇರಿದ್ರೆ ಜಪ್ಪಯ್ಯ ಅಂದ್ರೂ ಬೇಗ ಕೂರಲ್ಲ. ಮೀನಿನ ಕಿವಿರಿಗೆ ಅಂಟಿಕೊಳ್ಳುತ್ತೆ. ಕೆಳಗಿನ ಬಾವಿಗೆ ಇಳಿಯುತ್ತೆ, ಮೋರಿಯಲ್ಲಿ ತುಂಬಿ ರಸ್ತೆ ಮೇಲೆ ನೀರು ಹರಿಸುತ್ತೆ. ಅದಕ್ಕೇ ಅದನ್ನ ರಾಶಿಯ ಹತ್ತಿರಾನೇ ಹಿಡಿದು ನಿಲ್ಲಿಸಬೇಕು. ಬನ್ನಿ, ನಿಮ್ಮ ದಂಡೆ ತೋರಿಸಿ."

ದಂಡೆ ನೋಡಿದಾಗ ಟೇಲರಣ್ಣನ ಮುಖ ಸಣ್ಣದಾಯಿತು. ಇಸ್ತ್ರಿ ಹಾಕಿದ ಇಳಿಜಾರಿನ ತುಂಬ ಬೆರಳಗಲದ ಗೀರುಗಳು. ಹುಲ್ಲಿಲ್ಲದ ನುಣ್ಣನೆಯ ಮಣ್ಣಿನ ಮೇಲೆ ನೀರು ತಡೆಯಿಲ್ಲದೆ ಜಾರಿ, ಹೋಗುವಾಗ ಮಣ್ಣನ್ನೂ ಕೊರೆದುಕೊಂಡು ಹೋಗಿತ್ತು. ಅತ್ತ ಕೆರೆಯ ಕಡೆಗೂ ಅಷ್ಟೇ. ಹೊಸದಾಗಿ ಆಳ ಮಾಡಿದ ಕೆರೆಯಂಚಿನಲ್ಲಿ ಕೆಸರು ಬೀಸಣಿಗೆಯಂತೆ ಹರಡಿಕೊಂಡಿತ್ತು.

"ತೆಗೆಸಿದ ಹೂಳು ವಾಪಸ್ ಮನೆಗೆ ಬರ್ತಾ ಇದೆ ನೋಡಿ," ಎಂದು ಜೊತೆಗೆ ಬಂದಿದ್ದ ಹೆಂಡತಿ ಹೇಳದೆ ಇರಲಾರದೆ ಹೇಳಿದಳು.

ಟೇಲರಣ್ಣ ತಲೆ ತಗ್ಗಿಸಿದ. "ದಂಡ ಎಷ್ಟು ಮೇಡಂ?"

"ದಂಡ ಹಾಕಿದ್ರೆ ಮೀನು ಬದುಕುತ್ತಾ? ಮುಂದಿನ ಮಳೆಗೆ ನಾಲ್ಕು ದಿನ ಇದೆ ಅಂತಿದ್ದಾರೆ. ಅಷ್ಟರೊಳಗೆ ಕೆಲಸ ಮಾಡಿ." ಮೇಡಂ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. "ಮೇಲಿಂದ ಬರೋ ಮಳೆ ನೀರು ರಾಶಿ ಮೇಲೆ ಬೀಳದೆ ಪಕ್ಕಕ್ಕೆ ಹೋಗೋ ಹಾಗೆ ಇಲ್ಲೊಂದು ಕಾಲುವೆ ತೋಡಿ. ರಾಶಿ ಮೇಲೆ ದಪ್ಪಗೆ ಒಣಹುಲ್ಲು ಹೊದಿಸಿ, ಅದರಡಿಗೆ ಹುಲ್ಲಿನ ಬೀಜ ಚೆಲ್ಲಿ. ತಗ್ಗಿನ ಮೂಲೆಯಲ್ಲಿ ಒಂದು ಗುಂಡಿ. ಕೆಸರು ನೀರು ಅದರಲ್ಲಿ ನಿಂತು, ಕಲ್ಲು ಜೋಡಿಸಿದ ಬಾಯಿಂದ ನಿಧಾನಕ್ಕೆ ಆಚೆ ಹೋಗಬೇಕು. ಇನ್ನು ಕೆಸರು ನೀರನ್ನ ತಡೆದು ಗುಂಡಿ ಕಡೆ ತಿರುಗಿಸೋಕೆ ರಾಶಿಯ ಬುಡದ ಉದ್ದಕ್ಕೂ ಬಟ್ಟೆ ಬೇಲಿ. ಬುಡ ಮಾತ್ರ ಒಂದು ಗೇಣು ಮಣ್ಣಿನೊಳಗೆ ಹೂತಿರಬೇಕು, ಮರೀಬೇಡಿ."

ಬಟ್ಟೆ ಎಂದದ್ದೇ ತಡ, ಟೇಲರಣ್ಣನ ಕಣ್ಣು ಅರಳಿತು. "ಬೇಲಿ ನನಗೆ ಬಿಡಿ!"

ಕಾಲುವೆ, ಗುಂಡಿ, ಒಣಹುಲ್ಲು ಎಲ್ಲವನ್ನೂ ಅವನ ಹೆಂಡತಿ ಮತ್ತು ತಂಗಿ ಇಬ್ಬರು ಕೂಲಿಯವರನ್ನು ಕಟ್ಟಿಕೊಂಡು ಮೂರು ದಿನದಲ್ಲಿ ಮುಗಿಸಿದರು. ಟೇಲರಣ್ಣ ಅಂಗಡಿಯ ಕದ ಅರ್ಧ ಎಳೆದುಕೊಂಡು ಮೆಷೀನಿನ ಮುಂದೆ ಕೂತ. ದಪ್ಪ ನೇಯ್ಗೆಯ ಗೋಣಿಪಟ್ಟಿಗಳನ್ನು ಜೋಡಿಸಿ, ಎರಡೆರಡು ಹೊಲಿಗೆ ಹಾಕಿ, ಗೂಟ ತೂರಿಸಲು ಜೇಬು ಇಟ್ಟು, ನಲವತ್ತು ಮೀಟರ್ ಬೇಲಿ ಹೊಲಿದ. ಗೂಟ ನೆಟ್ಟು ನಿಲ್ಲಿಸಿದಾಗ ಅದು ಮದುವೆ ಮನೆಯ ಪರದೆಯ ಹಾಗೆ ನೆಟ್ಟಗೆ ನಿಂತಿತ್ತು. ಬುಡ ಸರಿಯಾಗಿ ನೆಲ ಮುಟ್ಟುವಷ್ಟು, ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ.

"ಗೇಣುದ್ದ ಹೂಳಬೇಕು ಅಂದಿದ್ರಲ್ಲ ಮೇಡಂ?" ಎಂದಳು ಹೆಂಡತಿ.

"ಇಷ್ಟು ಒಳ್ಳೆ ಹೊಲಿಗೆಯನ್ನ ಮಣ್ಣಲ್ಲಿ ಹೂಳೋದಾ? ನೆಲ ಮುಟ್ಟಿದೆಯಲ್ಲ, ಸಾಕು ಬಿಡೇ. ಬಟ್ಟೆ ವಿಷಯ ನನಗೆ ಹೇಳಿಕೊಡಬೇಡ."

ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೋಡ ಕವಿದು ಮಳೆ ಧೋ ಎಂದು ಸುರಿಯಿತು. ಕೆಳಗೆ ತಂಗಿ ನೀರಿನ ಗೇಟು ಮುಚ್ಚಿದಳು. ಸಂಜೆ ಐದರವರೆಗೆ ಅವಳಿಗೆ ಸಮಯ. ಟೇಲರಣ್ಣ ಕೊಡೆ ಹಿಡಿದು ದಂಡೆಗೆ ಓಡಿದ, ತನ್ನ ಬೇಲಿಯ ಪ್ರತಾಪ ನೋಡಲು.

ಒಣಹುಲ್ಲು ಮಳೆಯ ಏಟು ತಡೆದಿತ್ತು. ಕಾಲುವೆಯೂ ತನ್ನ ಪಾಡಿಗೆ ನೀರನ್ನು ಪಕ್ಕಕ್ಕೆ ಒಯ್ಯುತ್ತಿತ್ತು. ಆದರೂ ರಾಶಿಯಿಂದ ಇಳಿದ ಕಂದು ನೀರು ಬೇಲಿಯ ಹತ್ತಿರ ಬಂದು, ನೆಲಕ್ಕೂ ಬಟ್ಟೆಗೂ ನಡುವಿನ ಸಂದಿಯಲ್ಲಿ ನುಸುಳಿ, ಬಟ್ಟೆಯನ್ನೇ ಎತ್ತಿಕೊಂಡು ಸೀದಾ ಹಳ್ಳಕ್ಕೆ ಹೋಗುತ್ತಿತ್ತು. ಗುಂಡಿಯ ಕಡೆಗೆ ಒಂದು ತಂಬಿಗೆ ನೀರೂ ತಿರುಗಿರಲಿಲ್ಲ. ಬೇಲಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಟೇಲರಣ್ಣ ಬಗ್ಗಿ ಬಟ್ಟೆಯ ಬುಡ ಹಿಡಿದು ನೋಡಿದ. ನಲವತ್ತು ವರ್ಷದಿಂದ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ: ಅಂಚು ಮಡಚದ ಬಟ್ಟೆ ಅಂಗಡಿ ದಾಟಬಾರದು. ಅವನೇ ಅಂಚು ಬಿಟ್ಟು ಬಂದಿದ್ದ. ಬರೀ ಜಂಬಕ್ಕೆ. ತಂಗಿಯ ಮೀನಿಗಿಂತ ತನ್ನ ಹೊಲಿಗೆ ಚೆನ್ನಾಗಿ ಕಾಣುವುದು ದೊಡ್ಡದಾಗಿತ್ತು ಎಂದು ಅವನಿಗೇ ನಾಚಿಕೆಯಾಯಿತು.

"ಗುದ್ದಲಿ ತಾರೇ!" ಎಂದು ಕೂಗಿದ. ಹೆಂಡತಿ ಆಗಲೇ ಎರಡು ಗುದ್ದಲಿ ಹಿಡಿದು ಬರುತ್ತಿದ್ದಳು.

ಮಳೆಯಲ್ಲೇ ಗಂಡ ಹೆಂಡತಿ ಬೇಲಿಯುದ್ದಕ್ಕೂ ಗೇಣಾಳದ ಸಾಲು ತೋಡಿದರು. ಗೂಟ ಕಿತ್ತು, ಒಂದು ಗೇಣು ಕೆಳಗಿಳಿಸಿ ಮತ್ತೆ ಬಡಿದರು. ಬಟ್ಟೆಯ ಬುಡವನ್ನು ರಾಶಿಯ ಕಡೆಗೆ ಮಡಚಿ ಸಾಲಿನಲ್ಲಿಟ್ಟು, ಮಣ್ಣು ಮುಚ್ಚಿ ಕಾಲಿನಿಂದ ತುಳಿದರು. ಕೊಡೆ ಎಲ್ಲಿ ಹಾರಿ ಹೋಯಿತೋ ಯಾರೂ ನೋಡಲಿಲ್ಲ. ಇಸ್ತ್ರಿ ಅಂಗಿಯ ಮನುಷ್ಯ ಸೊಂಟದವರೆಗೆ ಕೆಸರಾದ. ಎರಡು ಗಂಟೆಯ ಹೊತ್ತಿಗೆ ಕೊನೆಯ ಸಂದಿಯೂ ಮುಚ್ಚಿತು. ನೀರು ಬೇಲಿಗೆ ಒರಗಿ ನಿಂತು, ಅದರ ಉದ್ದಕ್ಕೂ ಹರಿದು, ಗುಂಡಿಯ ಕಡೆ ಹೊರಳಿತು.

ಆದರೆ ಮೂರು ತಾಸಿನ ಕೆಸರು ಆಗಲೇ ಹಳ್ಳಕ್ಕೆ ಇಳಿದಿತ್ತು. ಟೇಲರಣ್ಣ ಹಾಗೇ ತಂಗಿಯ ಜಾಗಕ್ಕೆ ಓಡಿದ. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತು, ನೀರನ್ನು ತಂಬಿಗೆಯಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿದ್ದಳು, ಗಾಳಿ ಸೇರಲಿ ಎಂದು.

"ತಪ್ಪಾಯ್ತು ಕಣೇ," ಎಂದ ಅವನು. "ಬುಡ ಹೂಳದೆ ಬಿಟ್ಟಿದ್ದೆ. ಈಗ ಹೂತು ಬಂದೆ."

ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಯ್ಯಲಿಲ್ಲ. ಇನ್ನೊಂದು ತಂಬಿಗೆ ಅವನ ಕೈಗೆ ಕೊಟ್ಟಳು.

ಮೂರಾಯಿತು, ನಾಲ್ಕಾಯಿತು. ಮಳೆ ನಿಂತಿತು. ನಾಲ್ಕೂವರೆಗೆ ತಾಯಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಎರಡು ಮಗ್ಗುಲಾದವು, ಮತ್ತೆ ಏಳಲಿಲ್ಲ. ಟೇಲರಣ್ಣ ಕೈ ನೋಯುತ್ತಿದ್ದರೂ ಸುರಿಯುತ್ತಲೇ ಇದ್ದ, ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ತಂಗಿ ಹಳ್ಳಕ್ಕಿಳಿದು ಬಗ್ಗಿ ನೋಡಿದಳು. ನೀರು ಪೂರ್ತಿ ತಿಳಿಯಾಗಿರಲಿಲ್ಲ. ಆದರೆ ತಳದ ಕಲ್ಲು ಕಾಣುತ್ತಿತ್ತು.

"ಅಣ್ಣ, ಗೇಟು ತೆಗಿ!"

ಅವನು ಗೇಟಿನ ಹಿಡಿ ತಿರುಗಿಸಿದ. ತಣ್ಣನೆಯ ನೀರು ತೊಟ್ಟಿಗೆ ಧುಮುಕಿತು. ಮೀನುಗಳು ಒಂದೊಂದಾಗಿ ನೀರು ಬೀಳುವ ಕಡೆಗೆ ತಿರುಗಿ, ಆಮೇಲೆ ಕೆಳಗಿಳಿದವು. ಇಪ್ಪತ್ತು ಉಳಿದವು. ತಂಗಿ ಎರಡೆರಡು ಸಲ ಎಣಿಸಿ, ಅಣ್ಣನ ಕೆಸರು ತೋಳಿಗೆ ಹಣೆಯಿಟ್ಟು ಜೋರಾಗಿ ಅತ್ತುಬಿಟ್ಟಳು. "ಇಷ್ಟಿದ್ರೆ ಸಾಕು ಅಣ್ಣ. ಇಷ್ಟಿದ್ರೆ ಮತ್ತೆ ಶುರು ಮಾಡ್ತೀನಿ."

ಅಣ್ಣ ತಂಗಿಯರೇ, ಸ್ವಂತ ಕೆರೆ, ಕುಂಟೆ, ಕೊಳ ಇರುವವರೇ, ಹೂಳೆತ್ತಿಸಿ, ಅದು ಒಳ್ಳೆಯ ಕೆಲಸ. ಆದರೆ ಯಂತ್ರ ಹೋದ ದಿನವೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಮಣ್ಣನ್ನು ಹಳ್ಳದಿಂದ ದೂರ ಹಾಕಿಸಿ. ದಂಡೆಯ ಹುಲ್ಲನ್ನು ಕೀಳಬೇಡಿ, ಮಣ್ಣನ್ನು ಹಿಡಿದಿಡುವುದು ಅದೇ. ಮಳೆಗೆ ಮುಂಚೆಯೇ ರಾಶಿಗೆ ಹೊದಿಕೆ ಹಾಕಿ, ಗುಂಡಿ ತೋಡಿ, ಬೇಲಿ ಕಟ್ಟಿದರೆ ಬುಡ ಹೂಳಿ. ಪ್ರತಿ ಮಳೆಯಾದ ಮೇಲೂ ಹೋಗಿ ನೋಡಿ, ನಿಂತ ಕೆಸರು ತೆಗೆದುಹಾಕಿ. ಗೊತ್ತಾಗದಿದ್ದರೆ ನಿಮ್ಮ ಹತ್ತಿರದ ಜಲ ಇಲಾಖೆಯವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ಇದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮ ಕೆರೆಯ ನೀರು ಎಲ್ಲಿಗೆ ಹೋಗುತ್ತದೋ ಅದರ ಜೊತೆಗೇ ಒಂದು ದಿನ ನಡೆದುಕೊಂಡು ಹೋಗಿ. ಕೆಳಗೆ ಯಾರ ತೊಟ್ಟಿ ಇದೆ, ಯಾರ ಬಾವಿ ಇದೆ ಎಂದು ಕಣ್ಣಾರೆ ನೋಡಿ. ಅವರ ಬಾಗಿಲು ತಟ್ಟಿ, ಹೂಳೆತ್ತಿಸುತ್ತಿದ್ದೇನೆ ಎಂದು ಹೇಳಿ ಬನ್ನಿ.