ಹಿಂಜಬಾರದ ತುಪ್ಪಳ

ಹಾಸಿಗೆ ಹೊಲಿಯುವ ಅತ್ತೆಗೆ ಕೈ ಸುಮ್ಮನಿದ್ದರೆ ತಲೆನೋವು. ಊಟಕ್ಕೆ ಕೂತಾಗಲೂ ಬಟ್ಟೆಗೆ ಅಂಟಿದ ಹತ್ತಿಯ ಎಳೆ ಬಿಡಿಸುತ್ತಿದ್ದರು. ಅವರ ಅಣ್ಣನ ಮಗಳು ಅವರ ಹಾಸಿಗೆ ಅಂಗಡಿಯಲ್ಲೇ ಹತ್ತಿ ಹಿಂಜುತ್ತಿದ್ದಳು. ಬಾಯಿ ಬಿಡುವುದು ಅಪರೂಪ. ಅದಕ್ಕೇ ಅತ್ತೆ ಅವಳನ್ನು ಗುಮ್ಮಿ ಎನ್ನುತ್ತಿದ್ದರು.

ಅಂಗಡಿಯ ಹಿಂದೆ ಕೆರೆ. ಕಿಟಕಿಯಾಚೆಯ ಜೊಂಡಿನಲ್ಲಿ ಕಾಡುಬಾತು ಗೂಡು ಮಾಡಿದ್ದನ್ನು ಗುಮ್ಮಿ ಯಾರಿಗೂ ಹೇಳಿರಲಿಲ್ಲ. ಹೆಣ್ಣು ಕಾವಿಗೆ ಕೂತಮೇಲೆ ಬಣ್ಣದ ತಲೆಯ ಗಂಡು ಆಚೆ ದಡ ಸೇರಿಕೊಂಡಿತ್ತು. ಹೆಣ್ಣು ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸಿತ್ತು. ಮೇಯಲು ಹೋಗುವಾಗ ಅದನ್ನೇ ಮೊಟ್ಟೆಗಳ ಮೇಲೆಳೆದು, ಒಣಹುಲ್ಲು ಬೆರೆಸಿ ಮುಚ್ಚಿ ಹೋಗುತ್ತಿತ್ತು. ನೋಡಿದವರಿಗೆ ಬರೀ ಕಸದ ಗುಡ್ಡೆ.

ಅತ್ತೆಯ ಕಣ್ಣಿಗೂ ಅದು ಕಸವಾಗಿಯೇ ಕಂಡಿತು. ಒಂದು ಬೆಳಿಗ್ಗೆ ಬಾತು ಇಲ್ಲದಾಗ ಗೂಡಿನಿಂದ ಮಡಿಲ ತುಂಬ ತುಪ್ಪಳ ತಂದು, ಕಡ್ಡಿ ಆರಿಸಿ ಹಿಂಜುತ್ತ ಕೂತರು.

"ಎಂಥಾ ಮಾಲು ಗುಮ್ಮಿ ಇದು. ಪಾಪ, ಮೊಟ್ಟೆ ಎಲ್ಲ ಕಸದಲ್ಲಿ ಬಿದ್ದಿತ್ತು. ಹಸನು ಮಾಡಿ ಮತ್ತೆ ಹಾಸಿಬರ್ತೀನಿ."

ಗುಮ್ಮಿ ಕಿಟಕಿಯತ್ತ ನೋಡಿದಳು. ಅಲ್ಲಿ ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಕಾಗೆ ಕಂಡರೆ ಮುಗಿಯಿತು. ಹಿಂಜುತ್ತಿದ್ದ ಹತ್ತಿ ಬಿಟ್ಟು ಎದ್ದಳು.

"ಅದು ಕಸ ಅಲ್ಲ ಅತ್ತೆ, ಹೊದಿಕೆ. ಕೊಳೆ ಇದ್ರೇನೇ ಮೊಟ್ಟೆ ಯಾರಿಗೂ ಕಾಣಲ್ಲ."

ಅತ್ತೆಯ ಬೆರಳುಗಳು ನಿಂತವು. "ಇಷ್ಟು ದಿನ ಬಾಯಲ್ಲಿ ಹತ್ತಿ ತುಂಬ್ಕೊಂಡಿದ್ಯಾ?" ಎಂದವರೇ, ಆರಿಸಿಟ್ಟ ಕಡ್ಡಿಯನ್ನೆಲ್ಲ ತಾವೇ ಮತ್ತೆ ಬೆರೆಸಿದರು. ಮಾಲಿಗೆ ಕಸ ಸೇರಿಸಿದ್ದು ಅವರ ಜನ್ಮದಲ್ಲೇ ಮೊದಲು. ಗುಮ್ಮಿ ಓಡಿಹೋಗಿ ಮೊಟ್ಟೆ ಮುಚ್ಚಿ ಬಂದಳು.

ಅಂದು ಕೆಲಸ ಸಾಗಲಿಲ್ಲ. ಬಾತು ನೀರಿನ ನಡುವೆ ಸುತ್ತುಹಾಕುತ್ತಿತ್ತೇ ಹೊರತು ದಡಕ್ಕೆ ಬರಲಿಲ್ಲ. ಬರುತ್ತಾ ಎಂದು ಅತ್ತೆ ಪಿಸುಗುಟ್ಟಿದರು. ಗೊತ್ತಿಲ್ಲ ಎಂದಳು ಗುಮ್ಮಿ. ಬಿಸಿಲು ಇಳಿದಮೇಲೆ ಜೊಂಡು ಅಲುಗಿತು. ಬಾತು ಗೂಡಿನ ಬಳಿ ಬಹಳ ಹೊತ್ತು ಕತ್ತು ಚಾಚಿ ನಿಂತು, ಆಮೇಲೆ ಕೂತಿತು. ಕೂತದ್ದೇ, ಆಗಲೇ ಬೋಳಾಗಿದ್ದ ಎದೆಯಿಂದ ಇನ್ನಷ್ಟು ಕಿತ್ತು ಸುತ್ತ ತುರುಕತೊಡಗಿತು.

ಅತ್ತೆ ತುಪ್ಪಳದ ಎಳೆ ಅಂಟಿದ್ದ ತಮ್ಮ ಮಡಿಲು ನೋಡಿಕೊಂಡರು. "ನನಗೆ ಅಂಟಿಕೊಂಡಿರೋವಷ್ಟು ಅದಕ್ಕೆ ಕಮ್ಮಿ ಆಯ್ತು" ಎಂದರು.

ಕೆಲವು ವಾರ ಕಳೆದು ಮರಿಗಳು ಹೊರಬಂದವು. ಮರುದಿನವೇ ತಾಯಿಯ ಹಿಂದೆ ಸಾಲಾಗಿ ನೀರಿಗಿಳಿದವು. ಇನ್ನು ತುಪ್ಪಳ ಯಾರಿಗೂ ಬೇಡ, ತಂದರೆ ದಿಂಬಿಗಾಗುತ್ತದೆ ಎಂದಳು ಗುಮ್ಮಿ. ಅತ್ತೆ ಚೀಲ ಹಿಡಿದು ಹೋದರು. ಗೂಡಿನಲ್ಲಿ ಒಂದು ಮೊಟ್ಟೆ ಒಡೆಯದೆ ಉಳಿದಿತ್ತು.

ಅತ್ತೆ ಬಾಗಿ, ತುಪ್ಪಳವನ್ನು ಕಡ್ಡಿ ಕಸದ ಸಮೇತ ಅದರ ಮೇಲೆಳೆದು, ಖಾಲಿ ಚೀಲದೊಂದಿಗೆ ವಾಪಸಾದರು.