ಸೈಕಲ್ಲುಗಳಿಗೆ ಜಾಗ ಕೊಟ್ಟ ಬಡಿಗೇರ ಜಂಬಯ್ಯ

ನೆಲಕ್ಕೆ ಬಿದ್ದ ಸೈಕಲ್ಲನ್ನು ಕಂಡರೆ ಬಡಿಗೇರ ಜಂಬಯ್ಯನಿಗೆ ಮುಂದೆ ಹೆಜ್ಜೆ ಇಡಲು ಆಗುತ್ತಿರಲಿಲ್ಲ. ಅದು ಯಾರದು, ಹೇಗೆ ಬಿತ್ತು ಎಂಬ ವಿಚಾರಣೆ ಅವನಿಗೆ ಬೇಕಿರಲಿಲ್ಲ; ಮೊದಲು ಎತ್ತಬೇಕು, ಹ್ಯಾಂಡಲ್ ನೇರ ಮಾಡಬೇಕು, ಗಂಟೆಯ ಮೇಲಿನ ಮಣ್ಣು ಒರೆಸಬೇಕು, ಯಾವುದಾದರೂ ಗೋಡೆಗೋ ಮರಕ್ಕೋ ಆನಿಸಿ ನಿಲ್ಲಿಸಬೇಕು. ಸೋದರಮಾವನ ಶವಕ್ಕೆ ಹೆಗಲು ಕೊಟ್ಟು ನಡೆಯುತ್ತಿದ್ದ ದಿನವೂ, ದಾರಿಯ ಬದಿಯಲ್ಲಿ ಒಂದು ಸೈಕಲ್ಲು ಮಗುಚಿಕೊಂಡಿದ್ದನ್ನು ಕಂಡು, ಹಿಂದೆ ಬರುತ್ತಿದ್ದವನಿಗೆ ಹೆಗಲು ಬದಲಿಸಿ, ಹೋಗಿ ಅದನ್ನೆತ್ತಿ ನಿಲ್ಲಿಸಿ, ಓಡಿಬಂದು ಮತ್ತೆ ಚಟ್ಟಕ್ಕೆ ಹೆಗಲು ಕೊಟ್ಟನಂತೆ. ಬಂಧುಗಳು ಕೆಲವು ಕಾಲ ಮಾತು ಬಿಟ್ಟಿದ್ದರು.

ನಲವತ್ತು ವರ್ಷ ಬಾಚಿ ಹಿಡಿದು ಬಂಡಿಯ ಗಾಲಿ ಕೆತ್ತಿದ ಶರೀರ ಅವನದು. ಬಲಭುಜ ಇಳಿದು, ನಡಿಗೆ ಯಾವಾಗಲೂ ಒಂದು ಪಕ್ಕಕ್ಕೆ ವಾಲಿ, ಕಾಣದ ಹೊರೆಯೊಂದನ್ನು ಹೊತ್ತವನಂತೆ ಬರುತ್ತಿದ್ದ. ರೈಲ್ವೆಯ ಗಾರ್ಡೊಬ್ಬರು ಬಿಟ್ಟುಕೊಟ್ಟ ಕಪ್ಪು ಕೋಟನ್ನು ಹೊಸಪೇಟೆಯ ವೈಶಾಖದ ಬಿಸಿಲಿನಲ್ಲೂ ತೆಗೆಯುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಹುರಿಯ ಉಂಡೆ, ಎಣ್ಣೆಬಟ್ಟೆ, ಪೆನ್ಸಿಲಿನ ತುಂಡು. ಮಾತಿನ ಕೊನೆಗೊಂದು ‘ತಿಳೀತಿಲ್ಲೋ’ ಅವನಿಗೆ ಅಂಟಿತ್ತು. ಗದರುವ ದನಿಯಲ್ಲಲ್ಲ, ತನಗೇ ಸಂದೇಹವಿದ್ದವನಂತೆ ಮೆಲ್ಲಗೆ ಕೇಳುತ್ತಿದ್ದ. ಇಷ್ಟೆಲ್ಲ ಅಕ್ಕರೆಯಿದ್ದವನು ಜನ್ಮದಲ್ಲಿ ಒಮ್ಮೆಯೂ ಸೈಕಲ್ ಹತ್ತಿದವನಲ್ಲ. ಕೇಳಿದರೆ, “ನಾ ಹತ್ತಿದ್ರ ಅದು ಬೀಳತೈತಿ. ಆಮ್ಯಾಲ ಎತ್ತೋರು ಯಾರು, ತಿಳೀತಿಲ್ಲೋ,” ಎನ್ನುತ್ತಿದ್ದ.

ಮದರಾಸು ಸರಕಾರದ ಆ ದಿನಗಳಲ್ಲಿ ಹೊಸಪೇಟೆಗೆ ಸೈಕಲ್ಲುಗಳು ಆಗತಾನೆ ಹೆಚ್ಚುತ್ತಿದ್ದವು. ಕಂಪ್ಲಿಯಿಂದ, ಕಮಲಾಪುರದಿಂದ, ಘಟ್ಟ ಇಳಿದು ಸಂಡೂರಿನಿಂದ ಜನ ಸವಾರಿ ಬರುತ್ತಿದ್ದರು. ಬಂದವರಿಗೆ ಇಳಿಯುವುದು ಗೊತ್ತಿತ್ತು. ಇಳಿದ ಮೇಲೆ ಅದನ್ನು ಎಲ್ಲಿಡಬೇಕೆಂಬುದು ಗೊತ್ತಿರಲಿಲ್ಲ. ಅಂಗಡಿಯ ಕಟ್ಟೆ, ಗುಡಿಯ ಕಂಬ, ದವಾಖಾನೆಯ ಎದುರಿನ ಗೋಡೆ, ಎಲ್ಲೆಂದರಲ್ಲಿ ಆನಿಸಿ ಹೋಗುತ್ತಿದ್ದರು. ಬಂಡಿ ಮಾಡುವ ಇತರ ಬಡಿಗೇರರು ಈ ಹೊಸ ವಾಹನಕ್ಕೆ ಶಾಪ ಹಾಕುತ್ತಿದ್ದರು. ಜಂಬಯ್ಯನೂ ಹಾಕುತ್ತಿದ್ದನೇನೋ, ಆದರೆ ಅವನ ಮಗಳು ಕೊಟ್ರಮ್ಮನಿಗೆ ಹಾಗಾಯಿತು.

ಕೊಟ್ರಮ್ಮನನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಹೆರಿಗೆಯಾಗಿ ರಕ್ತ ನಿಲ್ಲದೆ ಹೋದಾಗ, ನೆರೆಮನೆಯ ಎರ್ರಿಯಪ್ಪ ಮೇಷ್ಟ್ರು ಮಟಮಟ ಮಧ್ಯಾಹ್ನ ಸೈಕಲ್ ತುಳಿದುಕೊಂಡು ಹೊಸಪೇಟೆಯ ದವಾಖಾನೆಗೆ ಬಂದರು. ಮದ್ದಿನ ಶೀಸೆ ಕೈಗೆ ಬಂತು. ಹೊರಗೆ ಬಂದು ನೋಡಿದರೆ, ಗೋಡೆಗೆ ಆನಿಸಿದ್ದ ಸೈಕಲ್ಲನ್ನು ಯಾವುದೋ ಬಾಳೆಗೊನೆಯ ಬಂಡಿ ತಳ್ಳಿ ಕೆಡವಿ, ಮುಂದಿನ ಗಾಲಿಯನ್ನು ಹಪ್ಪಳದಂತೆ ಸೊಟ್ಟ ಮಾಡಿ ಹೋಗಿತ್ತು. ಬೇರೊಂದು ಎತ್ತಿನ ಬಂಡಿ ಹಿಡಿದು ಮೇಷ್ಟ್ರು ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಮದ್ದು ವೇಳೆಗೆ ಬಂದಿದ್ದರೆ ಬದುಕುತ್ತಿದ್ದಳೆಂದು ಖಂಡಿತ ಹೇಳಬಲ್ಲವರು ಯಾರೂ ಇರಲಿಲ್ಲ; ಎರ್ರಿಯಪ್ಪ ಮೇಷ್ಟ್ರು ಮಾತ್ರ ತಮಗೆ ತಾವೇ ಹಾಗೆ ಹೇಳಿಕೊಂಡುಬಿಟ್ಟಿದ್ದರು.

ದಿನಕರ್ಮ ಮುಗಿದ ಮೇಲೆ ಅವರು ಜಂಬಯ್ಯನ ಮುಂದೆ ಬಂದು ತಲೆ ತಗ್ಗಿಸಿ ಕೂತರು. “ನನ್ನಿಂದ ಹಿಂಗಾತು ಜಂಬಯ್ಯ.”

ಜಂಬಯ್ಯ, “ಸೈಕಲ್ ಎಲ್ಲಿ ನಿಲ್ಸಿದ್ರಿ?” ಎಂದ.

“ಗ್ವಾಡಿಗೆ ಆನಿಸಿದ್ದೆ. ಮತ್ತೆಲ್ಲಿ ನಿಲ್ಸಬೇಕಿತ್ತು?”

“ಹೌದ್ರಿ, ಮತ್ತೆಲ್ಲಿ ನಿಲ್ಸಬೇಕಿತ್ತು. ಜಾಗಾನ ಇರಲಿಲ್ಲ. ಅದು ನಿಮ್ಮ ತಪ್ಪಲ್ರಿ ಮೇಷ್ಟ್ರ.”

ಮರುದಿನ ಅವನು ದವಾಖಾನೆಯ ಎದುರೇ ಬಿದ್ದಿದ್ದ ಆ ಮುರುಕು ಸೈಕಲ್ಲನ್ನು ಹೊತ್ತು, ಬಂಡಿ ಕೆಲಸ ಮಾಡುವ ತನ್ನ ಕೊಟ್ಟಿಗೆಗೆ ತಂದ. ರಿಪೇರಿಯವನ ಪಕ್ಕದಲ್ಲಿ ಕೂತು, ತಂತಿಯ ಗಾಲಿಯನ್ನು ನೇರ ಮಾಡಿಸಿ, ಮೇಷ್ಟ್ರಿಗೆ ಹೇಳಿಕಳಿಸಿದ. ಮೇಷ್ಟ್ರು ಬರಲಿಲ್ಲ. ಹೊಸಪೇಟೆಗೆ ಕೆಲಸ ಬಿದ್ದರೆ ನಡೆದೇ ಬಂದು, ಬಡಿಗೇರ ಓಣಿಯನ್ನು ತಪ್ಪಿಸಿ ನಡೆದೇ ಹಿಂದಿರುಗುತ್ತಿದ್ದರು. ಬಿದ್ದ ಸೈಕಲ್ಲುಗಳನ್ನು ಎತ್ತುವ ಗೀಳು ಜಂಬಯ್ಯನಿಗೆ ಹತ್ತಿಕೊಂಡದ್ದು ಆಗಲೇ.

ಅದೇ ವರ್ಷ ಒಂದು ಸಂತೆಯ ದಿನ, ಸಾಲಾಗಿ ಆನಿಸಿದ್ದ ಏಳೆಂಟು ಸೈಕಲ್ಲುಗಳು ಒಂದರ ಮೇಲೊಂದು ಉರುಳಿ, ಬಾಳೆಹಣ್ಣು ಮಾರುವ ಊರಮ್ಮನ ಪಾದ ಜಜ್ಜಿಹೋಯಿತು. ಊರಿನ ಹಿರಿಯರು ಚಾವಡಿಯಲ್ಲಿ ಸೇರಿ, ಇನ್ನು ಮೇಲೆ ಪೇಟೆಯೊಳಗೆ ಸೈಕಲ್ ತರಕೂಡದೆಂದು ಹೇಳಿಬಿಡಲು ಸಿದ್ಧರಾದರು. ದವಾಖಾನೆಯೂ ಆ ಪೇಟೆಯೊಳಗೇ ಇತ್ತು. ಸಭೆಗಳ ಕಡೆ ತಲೆ ಹಾಕದ ಜಂಬಯ್ಯ ಅಂದು ಕೋಟಿನ ಗುಂಡಿ ಹಾಕಿಕೊಂಡು ಹೋಗಿ ನಿಂತ.

ಮುಖ್ಯಸ್ಥರಾದ ಬೆಲ್ಲದ ವ್ಯಾಪಾರಿ ವಿರುಪಾಕ್ಷಪ್ಪನವರು ನಕ್ಕರು. “ಬಂಡಿ ಮಾಡಾಂವ ನೀನು. ಸೈಕಲ್ ಹ್ವಾದ್ರ ನಿನಗ ಚಲೋ ಅಲ್ಲೇನು?”

“ಅದು ತಾನಾಗಿ ನಿಂದ್ರಲಾರದ್ದು ಯಜಮಾನ್ರ. ನಿಂದ್ರಾಕ ಜಾಗ ಕೊಡಲಾರದ, ಬಿತ್ತು ಅಂತ ಬೈದ್ರ ಹೆಂಗ್ರಿ? ನಮ್ಮ ಕೊಟ್ಟಿಗಿ ಮುಂದ ಹುಣಸಿ ಮರದ ಬುಡಕ ಬಯಲೈತಿ. ಒಂದು ತಿಂಗಳು ಬಿಡ್ರಿ.”

ಮಗಳ ಹೆಸರನ್ನು ಅವನು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ವಿರುಪಾಕ್ಷಪ್ಪನವರು ನಗು ನಿಲ್ಲಿಸಿ, “ಆತು, ಒಂದು ತಿಂಗಳು,” ಎಂದರು.

ಬಂಡಿಯ ಅಚ್ಚಿಗೆಂದು ಮೂರು ವರ್ಷ ಒಣಗಿಸಿಟ್ಟಿದ್ದ ಜಾಲಿಯ ದಿಮ್ಮಿಗಳನ್ನು ಜಂಬಯ್ಯ ಸೀಳಿದ. ಅಳತೆಗೆ ಮೇಷ್ಟ್ರ ಸೈಕಲ್ಲೇ ಇತ್ತು. ಮೊದಲು ಕೊರೆದ ಸೀಳು ಅಗಲವಾಗಿ ಸೈಕಲ್ಲು ಕುಡಿದವನಂತೆ ವಾಲಿತು. ಎರಡನೆಯದು ಬಿಗಿಯಾಗಿ ಟೈರನ್ನು ಕಚ್ಚಿತು. ಕೊನೆಗೆ ನೆಲದಲ್ಲೊಂದು, ಗಾಲಿಯ ನಡುವಿನ ಎತ್ತರಕ್ಕೊಂದು ಅಡ್ಡಪಟ್ಟಿ ಹಾಕಿ, ನಡುವೆ ಜೋಡಿ ಗೂಟಗಳನ್ನಿಟ್ಟಾಗ, ಮುಂದಿನ ಗಾಲಿ ಕೂಸು ತೊಟ್ಟಿಲಿಗೆ ಇಳಿದಂತೆ ಒಳಗಿಳಿದು ನಿಂತಿತು. ಯಾರದು ಯಾರಿಗೆಂದು ತಪ್ಪದಿರಲು ದರ್ಜಿಯ ಅಂಗಡಿಯ ಚೂರುಬಟ್ಟೆ ತಂದು, ಒಂದೇ ಬಣ್ಣದ ಎರಡು ತುಂಡು ಮಾಡಿ, ಒಂದನ್ನು ಹ್ಯಾಂಡಲ್ಲಿಗೆ ಕಟ್ಟಿ ಇನ್ನೊಂದನ್ನು ಸವಾರನ ಕೈಗೆ ಕೊಡುವ ಏರ್ಪಾಡು ಮಾಡಿದ.

ಮೊದಲ ಸಂತೆಗೆ ಒಬ್ಬರೂ ಬರಲಿಲ್ಲ. ಎರಡನೆಯ ಸಂತೆಗೆ ಊರಮ್ಮ, ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದು, ತನ್ನ ಬುಟ್ಟಿಯನ್ನು ಆ ಹುಣಸೆಮರದಡಿಯಲ್ಲೇ ಇಳಿಸಿದಳು. ಸೈಕಲ್ ತಳ್ಳಿಕೊಂಡು ಹೋದವರನ್ನೆಲ್ಲ ತಡೆದಳು. “ಎಲ್ಲಿಗ್ಹೋಗ್ತೀಯಪ್ಪಾ? ಇನ್ನೊಂದು ಕಾಲು ಐತಿ ನಂದು, ಅದರ ಮ್ಯಾಲೂ ಕೆಡವಬೇಕೇನು? ಇಲ್ಲಿ ನಿಲ್ಸು.” ಅವಳ ಬಾಯಿಗೆ ಅಂಜಿ ನಿಲ್ಲಿಸಿದವರು, ಸಂಜೆಗೆ ಸೈಕಲ್ಲು ನೆರಳಿನಲ್ಲಿ ತಣ್ಣಗೆ ಕಾದಿರುವುದನ್ನು ಕಂಡು ಮುಂದಿನ ವಾರ ತಾವಾಗಿ ಬಂದರು. ತಿಂಗಳು ತುಂಬುವಾಗ ಜಾಗ ಸಾಲದೆ ಜಂಬಯ್ಯ ಇನ್ನೊಂದು ಸಾಲು ಹೂಡುತ್ತಿದ್ದ. ವಿರುಪಾಕ್ಷಪ್ಪನವರು ಬಂದು, ಗೂಟಗಳನ್ನು ಅಲುಗಿಸಿ ನೋಡಿ ಹೋದರು. ಮರುದಿನ ಅವರ ಗದ್ದೆಯಿಂದ ಚಪ್ಪರಕ್ಕೆಂದು ಒಂದು ಬಂಡಿ ಕಬ್ಬಿನ ಒಣಗರಿ ಬಂತು. ನಿಷೇಧದ ಮಾತು ಅಲ್ಲಿಗೇ ನಿಂತಿತು. ಕಂಪ್ಲಿಯವರು ತಮ್ಮೂರಿನಲ್ಲೂ ಮಾಡಿಸಲೆಂದು ಬಂದು ಹುರಿ ಹಿಡಿದು ಅಳತೆ ತೆಗೆದುಕೊಂಡು ಹೋದರು.

ಒಂದು ಮುಂಜಾನೆ ಎರ್ರಿಯಪ್ಪ ಮೇಷ್ಟ್ರು ಬಂದರು, ನಡೆದೇ. ಮರದ ಬುಡದ ಮೊದಲ ಗೂಟದಲ್ಲಿ ಅವರ ಸೈಕಲ್ಲು ಎಣ್ಣೆಯ ಹೊಳಪಿನಲ್ಲಿ ನೆಟ್ಟಗೆ ನಿಂತಿತ್ತು. ಅವರು ಸೀಟಿನ ಮೇಲೆ ಕೈಯಿಟ್ಟು ಹಾಗೇ ನಿಂತರು.

“ಒಯ್ಯಿರಿ ಮೇಷ್ಟ್ರ,” ಎಂದ ಜಂಬಯ್ಯ. “ಇನ್ನೊಬ್ಬರ ಮನ್ಯಾಗ ಏನರ ಆದ್ರ ಯಾರು ಹೋಗಬೇಕು? ನೀವು ಹೋಗಬೇಕು. ತಿಳೀತಿಲ್ಲೋ.”

ಮೇಷ್ಟ್ರು ಕಣ್ಣೊರೆಸಿಕೊಂಡು ಹತ್ತಿದರು. ಕಮಲಾಪುರದ ದಾರಿಯಲ್ಲಿ ಅವರು ಕಾಣದಾಗುವವರೆಗೆ ಜಂಬಯ್ಯ ಬಾಚಿಯನ್ನು ಕೆಳಗಿಟ್ಟು ನೋಡುತ್ತ ನಿಂತಿದ್ದ.

ಲೋಕದಲ್ಲಿ ದೂರದೂರ ಹೋಗುವವರ ಕೀರ್ತಿಯನ್ನು ನಾವು ಬಲ್ಲೆವು. ಹೋಗುವವರು ಎಲ್ಲಿಯೋ ಒಂದೆಡೆ ಇಳಿಯಲೇಬೇಕು. ಇಳಿದಲ್ಲಿ ತಮ್ಮದೊಂದನ್ನು ನಂಬಿ ಬಿಟ್ಟುಹೋಗಲು ಒಂದು ಜಾಗ ಬೇಕು. ಆ ಜಾಗವನ್ನು ಕಾಯುವ ಜನ ಸಾಮಾನ್ಯವಾಗಿ ಎಲ್ಲಿಗೂ ಹೋಗದವರು. ತಮ್ಮ ದುಃಖವನ್ನು ಯಾರ ಮೇಲೂ ಹೊರಿಸಲಾರದೆ, ಅದನ್ನು ಪರರಿಗೊಂದು ಅನುಕೂಲವಾಗಿ ಮೆಲ್ಲಗೆ ಕೆತ್ತಿಕೊಡುವ ಅಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಊರು ಅವರ ಹೆಸರನ್ನು ಬೇಗ ಮರೆಯುತ್ತದೆ. ಅವರು ಮಾಡಿಕೊಟ್ಟದ್ದನ್ನು ದಿನವೂ ಬಳಸುತ್ತದೆ.